ಒಂದೇ ಪುಟವನ್ನು ಎಚ್‌ಟಿಎಂಎಲ್, ಜೇಸನ್, ಆರ್‌ಎಸ್‌ಎಸ್, ಪಿಡಿಎಫ್‌ಗಳಲ್ಲಿ ಕೊಡಲು ಕೋಡನ್ನು ಹೇಗೆ ವಿಂಗಡಿಸಬೇಕು?

ಪಿಎಚ್‌ಪಿಯಲ್ಲಿ ಬರೆದ ನಿಮ್ಮ ಕಾರ್ಯಕ್ರಮಗಳ ಪಟ್ಟಿ ಈಗ ಎಚ್‌ಟಿಎಂಎಲ್‌ನಲ್ಲಿ ಮಾತ್ರ ಬರುತ್ತಿದೆ, ಅದನ್ನೇ ಜೇಸನ್ (ಆ್ಯಪ್‌ಗಳು ಓದುವ ಮಾಹಿತಿಯ ರೂಪ), ಆರ್‌ಎಸ್‌ಎಸ್ (ಹೊಸ ಸೇರ್ಪಡೆಗಳನ್ನು ಓದುಗರಿಗೆ ತಲುಪಿಸುವ ಫೀಡ್), ಪಿಡಿಎಫ್‌ಗಳಲ್ಲೂ ಕೊಡಲು ಪ್ರತಿ ಪುಟದೊಳಗೂ ‘ಇಫ್’ ಷರತ್ತುಗಳನ್ನು ಸೇರಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಮಾಹಿತಿಯನ್ನು ತರುವ ಕೋಡಿಗೆ ಅದು ಯಾವ ರೂಪದಲ್ಲಿ ಹೊರಹೋಗುತ್ತದೆ ಎಂಬುದೇ ಗೊತ್ತಿರಬಾರದು.

ಡೇಟಾಬೇಸಿನಿಂದ ಓದುವ ಫಂಕ್ಷನ್ ಬರಿಯ ಅರೇ ಅಥವಾ ಆಬ್ಜೆಕ್ಟನ್ನು ಮರಳಿಸಲಿ. ಶೀರ್ಷಿಕೆಯನ್ನು ಅಲ್ಲಿಯೇ ಎಚ್‌ಟಿಎಂಎಲ್‌ಗೆಂದು ಎಸ್ಕೇಪ್ ಮಾಡಿಬಿಟ್ಟರೆ (ಅಂದರೆ ವಿಶೇಷ ಚಿಹ್ನೆಗಳನ್ನು ಸಂಕೇತಗಳಾಗಿ ಬದಲಿಸಿಬಿಟ್ಟರೆ), ಅದರಲ್ಲಿರುವ ಆಂಪರ್‌ಸ್ಯಾಂಡ್ ಚಿಹ್ನೆಯು ಜೇಸನ್ ಓದುವ ಮೊಬೈಲ್ ಆ್ಯಪಿನಲ್ಲಿ ‘ಎಎಂಪಿ’ ಎಂಬ ಬಾಲದೊಡನೆ ಕಾಣಿಸಿಕೊಳ್ಳುತ್ತದೆ; ಆದ್ದರಿಂದ ಎಸ್ಕೇಪಿಂಗ್ ಎಂಬುದು ಆಯಾ ರೂಪವನ್ನು ಬರೆಯುವ ಕೊನೆಯ ಹಂತದ ಕೆಲಸ. ದಿನಾಂಕಕ್ಕೂ ಇದೇ ಮಾತು. ಆರ್‌ಎಸ್‌ಎಸ್ 2.0 ಕೇಳುವುದು ಆರ್‌ಎಫ್‌ಸಿ 822 ಎಂಬ ಇಂಟರ್ನೆಟ್ ಮಾನಕದ ಶೈಲಿಯ ದಿನಾಂಕ, ಮುಂದೆ ಆಟಂ ಎಂಬ ಇನ್ನೊಂದು ಫೀಡ್ ರೂಪವನ್ನು ಸೇರಿಸಿದರೆ ಅದು ಕೇಳುವುದು ಆರ್‌ಎಫ್‌ಸಿ 3339ರ ಶೈಲಿ, ಓದುಗರಿಗೆ ಬೇಕಾದದ್ದು ‘ಮಾರ್ಚ್ 5, ಗುರುವಾರ’. ಹಾಗಾಗಿ ಕೊನೆಯವರೆಗೂ ಅದು ದಿನಾಂಕದ ಆಬ್ಜೆಕ್ಟಾಗಿಯೇ ಉಳಿಯಬೇಕು.

ಅನಂತರ ಪ್ರತಿ ರೂಪಕ್ಕೂ ಒಂದು ರೆಂಡರರ್ (ಮಾಹಿತಿಯನ್ನು ಆ ರೂಪಕ್ಕೆ ತರುವ ಕೋಡು) ಬರೆಯಿರಿ. ಯಾವುದನ್ನು ಕರೆಯಬೇಕೆಂಬ ತೀರ್ಮಾನ, ಬಂದ ಕೋರಿಕೆಯನ್ನು ತಕ್ಕ ಕೋಡಿಗೆ ಕಳಿಸುವ ರೌಟರಿನಲ್ಲಿ, ಒಂದೇ ಕಡೆ ಆಗಲಿ. ತನಗೆ ಯಾವ ರೂಪ ಬೇಕೆಂದು ಬ್ರೌಸರ್ ಅಥವಾ ಆ್ಯಪ್ ತಿಳಿಸುವ ಎಚ್‌ಟಿಟಿಪಿಯ ‘ಆ್ಯಕ್ಸೆಪ್ಟ್’ ಹೆಡರ್ ಇರುವುದು ಇದಕ್ಕಾಗಿಯೇ ಆದರೂ ನಾನು ವಿಳಾಸದ ಕೊನೆಯಲ್ಲಿ ‘ಡಾಟ್ ಜೇಸನ್’ ಎಂದು ಬರೆಯುವುದನ್ನೇ ಒಪ್ಪುತ್ತೇನೆ, ಏಕೆಂದರೆ ಅಂಥ ಕೊಂಡಿಯನ್ನು ಯಾರಿಗಾದರೂ ಕಳಿಸಬಹುದು, ಬ್ರೌಸರಿನಲ್ಲಿ ನೇರವಾಗಿ ತೆರೆದು ಪರೀಕ್ಷಿಸಬಹುದು. ಹೆಡರನ್ನೇ ನೆಚ್ಚಿಕೊಳ್ಳುವುದಾದರೆ ಉತ್ತರದಲ್ಲಿ ‘ವೇರಿ: ಆ್ಯಕ್ಸೆಪ್ಟ್’ (ಆ ಹೆಡರಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ ಎಂಬ ಸೂಚನೆ) ಕಳಿಸಲೇಬೇಕು, ಇಲ್ಲವಾದರೆ ನಡುವಿನ ಕ್ಯಾಶ್ ಒಬ್ಬರಿಗೆಂದು ಉಳಿಸಿಕೊಂಡ ಜೇಸನ್ನನ್ನು ಪುಟ ಓದಲು ಬಂದ ಇನ್ನೊಬ್ಬರಿಗೆ ಕೊಟ್ಟೀತು. ದೋಷದ ಉತ್ತರಗಳೂ ಇದೇ ದಾರಿಯಲ್ಲಿ ಹೋಗಲಿ: ಜೇಸನ್ ಕೇಳಿದ ಆ್ಯಪಿಗೆ 404ರ ಜೊತೆ ಎಚ್‌ಟಿಎಂಎಲ್ ಪುಟ ಬಂದರೆ ಅದು ಓದಲಾಗದೆ ನಿಂತುಬಿಡುತ್ತದೆ.

ಕನ್ನಡದ ಪಠ್ಯವಾದ್ದರಿಂದ ಪಿಡಿಎಫ್ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದಷ್ಟೇ ತಿಳಿದ ಲೈಬ್ರರಿಗಳಲ್ಲಿ ಒತ್ತಕ್ಷರಗಳು ಒಡೆದುಹೋಗುತ್ತವೆ. ಆದ್ದರಿಂದ ಎಚ್‌ಟಿಎಂಎಲ್ ರೆಂಡರರಿನ ಫಲಿತವನ್ನೇ ಮುದ್ರಣದ ಸಿಎಸ್‌ಎಸ್ ಜೊತೆಗೆ ಹೆಡ್‌ಲೆಸ್ ಕ್ರೋಮ್‌ಗೆ (ಕಿಟಕಿ ತೆರೆಯದೆ ಓಡುವ ಕ್ರೋಮ್ ಬ್ರೌಸರ್) ಅಥವಾ ಎಚ್‌ಟಿಎಂಎಲ್‌ನಿಂದ ಪಿಡಿಎಫ್ ಮಾಡುವ ವೀಸಿಪ್ರಿಂಟ್‌ಗೆ ಕೊಡಿ. ಎರಡೂ ಅಕ್ಷರಜೋಡಣೆಗೆ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು ಬಳಸುತ್ತವೆ.

ಎಲ್ಲ ಪುಟಗಳನ್ನೂ ಒಟ್ಟಿಗೆ ಮುಟ್ಟಬೇಡಿ. ಒಂದು ಪುಟವನ್ನು ಆರಿಸಿಕೊಂಡು ಅದಕ್ಕೆ ಮೊದಲು ಜೇಸನ್ ರೆಂಡರರ್ ಬರೆಯಿರಿ, ಮಾಹಿತಿಯೊಳಗೆ ಉಳಿದುಹೋದ ಟ್ಯಾಗುಗಳೆಲ್ಲ ಅಲ್ಲಿಯೇ ಕಣ್ಣಿಗೆ ಬೀಳುತ್ತವೆ.