ಮರಗಾಣದ ಎಣ್ಣೆ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸ್ಬೇಕು, ಅದರಲ್ಲಿ ನಿಜವಾಗ್ಲೂ ಏನಿರ್ಬೇಕು?

ತಿಪಟೂರಲ್ಲಿ ಮಾವನವರ ಮರಗಾಣ ಇದೆ, ಕೊಬ್ಬರಿ ಎಣ್ಣೆ ಕಡ್ಲೆಕಾಯಿ ಎಣ್ಣೆ ಮಾರ್ತಾರೆ, ಡಿಸೈನರ್ ಹತ್ರ ಹೋದ್ರೆ ಸ್ಲೈಡರ್ (ತಾನಾಗೇ ಸರಿಯೋ ಫೋಟೋಗಳ ಸಾಲು), ಅನಿಮೇಷನ್, ವಿಷನ್ ಮಿಷನ್ ಅಂತ ಹತ್ತು ಪೇಜಿನ ಪ್ಯಾಕೇಜ್ ಹೇಳ್ತಿದಾರೆ, ಇಷ್ಟೆಲ್ಲ ಬೇಕಾ ಅಂತ ಕೇಳಿದೀರ. ಬೇಡ. ನಾನು ಇದೇ ಕೆಲಸ ಮಾಡೋನು, ಸಣ್ಣ ಅಂಗಡಿ, ಹೋಮ್‌ಸ್ಟೇ, ಗಾಣ ಇಂಥವಕ್ಕೇ ಸೈಟ್ ಮಾಡಿಕೊಡೋದು, ಹಾಗಾಗಿ ನನ್ನ ಹೊಟ್ಟೆಪಾಡಿನ ವಿರುದ್ಧವೇ ಹೇಳ್ತಿದೀನಿ ಅನ್ಕೊಳಿ.

ಅಡ್ವಾನ್ಸ್ ಕೊಡೋಕೆ ಮುಂಚೆ ಒಂದು ಸಂಜೆ ಮಾವನವರ ಫೋನ್ ಇಸ್ಕೊಂಡು ಕೂತ್ಕೊಳಿ, ಗಿರಾಕಿಗಳು ವಾಟ್ಸಾಪಲ್ಲಿ ಏನೇನು ಕೇಳಿದಾರೆ ಅಂತ ಹಿಂದಕ್ಕೆ ಸ್ಕ್ರೋಲ್ ಮಾಡ್ತಾ ಒಂದು ಹಾಳೆ ಮೇಲೆ ಬರ್ಕೊಳಿ. ಚಳ್ಳಕೆರೆ ಕಡೆ ಒಬ್ರ ಗಾಣಕ್ಕೆ ಸೈಟ್ ಮಾಡುವಾಗ ನಾವು ಹಿಂಗೇ ಮಾಡಿದ್ವಿ. ಅವರಿಗೆ ಎಲ್ಲಕ್ಕಿಂತ ಮೇಲೆ ತಾತನ ಫೋಟೋ, ಕೆಳಗೆ ಪರಂಪರೆ ಶುದ್ಧತೆ ಅಂತೆಲ್ಲ ಬೇಕಿತ್ತು. ಮೆಸೇಜ್‌ಗಳಲ್ಲಿ ಒಬ್ಬರೂ ತಾತನ ಬಗ್ಗೆ ಕೇಳಿರ್ಲಿಲ್ಲ. ಲೀಟರ್ ಎಷ್ಟು, ಬೆಂಗಳೂರಿಗೆ ಕಳಿಸ್ತೀರಾ, ಕೊರಿಯರಲ್ಲಿ ಸೋರಿದ್ರೆ ಏನ್ಮಾಡ್ತೀರ, ಭಾನುವಾರ ತೆಗ್ದಿರುತ್ತಾ, ಇಷ್ಟೇ. ಸುತ್ತಮುತ್ತ ಹಳ್ಳಿಯೋರು ಕೇಳ್ತಿದ್ದದ್ದೇ ಬೇರೆ: ನಮ್ಮದೇ ಶೇಂಗಾ ತಂದ್ರೆ ಗಾಣಕ್ಕೆ ಹಾಕಿಕೊಡ್ತೀರಾ, ಕೆಜಿಗೆ ಎಷ್ಟು ಕೂಲಿ, ಕಮ್ಮಿ ಅಂದ್ರೆ ಎಷ್ಟು ಕೆಜಿ ತರ್ಬೇಕು, ಎಣ್ಣೆ ತೆಗ್ದು ಉಳಿದ ಹಿಂಡಿ ನಮಗೇ ಕೊಡ್ತೀರಾ ಇಲ್ಲ ನೀವು ಇಟ್ಕೋತೀರಾ? ಮನೇಲಿ ಹಸು ಇರೋರಿಗೆ ಈ ಹಿಂಡಿ ಲೆಕ್ಕ ಎಣ್ಣೆಯಷ್ಟೇ ಮುಖ್ಯ, ಆದ್ರೆ ಡಿಸೈನರ್‌ಗಳ ಟೆಂಪ್ಲೇಟಲ್ಲಿ ಅದಕ್ಕೆಲ್ಲಿಂದ ಜಾಗ ಬರ್ಬೇಕು! ನಾವು ಮೊದಲ ಪೇಜಲ್ಲೇ ಎರಡು ಬಟನ್ ಇಟ್ವಿ, ಒಂದು "ಎಣ್ಣೆ ಬೇಕು", ಇನ್ನೊಂದು "ನಮ್ಮ ಕಾಳು ತರ್ತೀವಿ". ತಾತನೋರು ಕೊನೇಲಿ ಇದಾರೆ, ಇರ್ಲಿ.

ನಿಮ್ಮದು ಕೊಬ್ಬರಿ ಎಣ್ಣೆ ಆದ್ರಿಂದ ಇನ್ನೊಂದು ತಲೆನೋವು ಇದ್ದೇ ಇರುತ್ತೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಲ್ಲೇ ಗಟ್ಟಿಯಾಗೋದು, ಬೆಂಗಳೂರಿನ ಡಿಸೆಂಬರ್ ಚಳಿಗೆ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತೆ, ಹೊಸ ಗಿರಾಕಿ ಫೋಟೋ ತೆಗ್ದು ಕಳಿಸಿ ಡಾಲ್ಡಾ ಬೆರೆಸಿದೀರಾ ಅಂತ ಜಗಳಕ್ಕೇ ಬರ್ತಾರೆ. ಗಟ್ಟಿಯಾದ ಬಾಟಲಿದು ಒಂದು ಫೋಟೋ, ಪಕ್ಕದಲ್ಲಿ ಬಿಸಿನೀರಿನ ಪಾತ್ರೇಲಿ ಇಟ್ಟ ಮೇಲೆ ತಿಳಿಯಾಗಿದ್ದು ಇನ್ನೊಂದು, ಎರಡು ಸಾಲು ವಿವರಣೆ ಸೈಟಲ್ಲಿ ಹಾಕಿಬಿಡಿ. ಹಾಗೇನೇ ಒಂದು ಲೀಟರ್ ಎಣ್ಣೆ ತೂಕಕ್ಕಿಟ್ರೆ ಒಂದು ಕೆಜಿ ಬರಲ್ಲ, ಸುಮಾರು 910-920 ಗ್ರಾಂ ಬರುತ್ತೆ, ಅದನ್ನೂ ಬರೆದ್ಬಿಡಿ, ಮನೇಲಿ ತೂಕ ಹಾಕಿ ನೋಡೋರು ಇದಾರೆ.

ರೇಟ್ ಹಾಕ್ಲೇಬೇಕು. ಪಕ್ಕದ ಗಾಣದವನು ನೋಡ್ತಾನೆ ಅಂತ ಮಾವನವರು ಬೇಡ ಅನ್ನಬಹುದು, ಆದ್ರೆ ಅವನು ಯಾರಿಂದಾದ್ರೂ ಒಂದು ಫೋನ್ ಮಾಡಿಸಿದ್ರೆ ಹೇಗೂ ಗೊತ್ತಾಗುತ್ತೆ, ರೇಟ್ ಕಾಣದೆ ವಾಪಸ್ ಹೋಗೋದು ಗಿರಾಕಿ ಮಾತ್ರ. ಆನ್‌ಲೈನ್ ಆರ್ಡರ್ ತಗೋತೀರಾದ್ರೆ ಎಂಆರ್‌ಪಿ, ಪ್ರಮಾಣ, ತಯಾರಕರ ವಿಳಾಸ ಇವು ಸೈಟಲ್ಲೂ ಕಾಣ್ಬೇಕು, ಇದು ಲೀಗಲ್ ಮೆಟ್ರಾಲಜಿ (ತೂಕ-ಅಳತೆ ಕಾನೂನು) ನಿಯಮ, 2018ರ ಜನವರಿಯಿಂದ ಜಾರಿಯಲ್ಲಿದೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡೋ 14 ಅಂಕಿ ನಂಬರ್ ಕೂಡ ಹಾಕಿ.

ಉಳಿದ ಟೆಕ್ನಿಕಲ್ ಸಂಗತಿ ಬೇಗ ಹೇಳ್ತೀನಿ. ನೋಡೋರೆಲ್ಲ ಮೊಬೈಲಲ್ಲೇ, ಸ್ಲೈಡರ್ ಬಿಡಿ, ಫೋನಲ್ಲಿ ತೆಗ್ದ ನಾಲ್ಕೈದು ಎಂಬಿ ಫೋಟೋನ ಹಾಗೇ ಏರಿಸ್ಬೇಡಿ, ವೆಬ್‌ಪಿ (ಸೈಟ್‌ಗಳಿಗೆ ಅಂತ ಇರೋ ಹಗುರ ಫೋಟೋ ಫಾರ್ಮ್ಯಾಟ್) ಮಾಡಿ 100-150 ಕೆಬಿಗೆ ಇಳಿಸಿದ್ರೂ ಚೆನ್ನಾಗೇ ಕಾಣುತ್ತೆ. ಫೋನ್ ನಂಬರ್ ಮುಟ್ಟಿದ್ರೆ ಕರೆ ಹೋಗ್ಬೇಕು, ವಾಟ್ಸಾಪ್ ಬಟನ್ ಒತ್ತಿದ್ರೆ "ಕೊಬ್ಬರಿ ಎಣ್ಣೆ 5 ಲೀಟರ್ ಬೇಕು" ಅಂತ ಮೊದಲೇ ಟೈಪ್ ಆಗಿರೋ ಹಾಗೆ ಲಿಂಕ್ ಮಾಡಬಹುದು, ಆ ಲಿಂಕಲ್ಲಿ ನಂಬರ್ ಮುಂದೆ 91 ಇರ್ಬೇಕು, ಪ್ಲಸ್ಸೂ ಸೊನ್ನೆಯೂ ಬೇಡ. ಕನ್ನಡದಲ್ಲಿ ಹಾಕಿಸಿ, ಆದ್ರೆ ಪಾಂಪ್ಲೆಟ್‌ಗೆ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ, ಆಗ ಕೆಲವು ಡಿಸೈನರ್‌ಗಳು ಅದನ್ನ ಚಿತ್ರ ಮಾಡಿ ಅಂಟಿಸ್ಬಿಡ್ತಾರೆ, ಗೂಗಲ್‌ನಲ್ಲಿ ಹುಡುಕೋರಿಗೆ ಸಿಗೋದು ಅನುಮಾನ. ಯುನಿಕೋಡ್‌ನಲ್ಲೇ (ಯಾವ ಫೋನಲ್ಲಾದ್ರೂ ಕನ್ನಡವಾಗೇ ಕಾಣೋ ಅಕ್ಷರ ಪದ್ಧತಿ) ಇರ್ಬೇಕು ಅಂತ ಪಟ್ಟು ಹಿಡೀರಿ. ಗೂಗಲ್ ಮ್ಯಾಪ್ಸಲ್ಲಿ ಗಾಣದ ಜಾಗ, ಟೈಮಿಂಗ್ಸ್ ಸರಿಯಾಗಿ ಸೇರಿಸಿ, ಅದು ಫ್ರೀ, ಸೈಟಿಗಿಂತ ಮೊದಲು ಇದನ್ನೇ ಮಾಡಿ ಅಂದ್ರೂ ತಪ್ಪಿಲ್ಲ.

ಡೊಮೈನ್ (ಸೈಟಿನ ವಿಳಾಸ) ಮಾತ್ರ ಮಾವನವರ ಹೆಸರಲ್ಲೇ, ಅವರದೇ ಇಮೇಲಲ್ಲೇ ರಿಜಿಸ್ಟರ್ ಆಗ್ಲಿ. ಡಿಸೈನರ್ ತನ್ನ ಹೆಸರಲ್ಲಿ ಇಟ್ಕೊಂಡು ಆಮೇಲೆ ಫೋನೇ ಎತ್ತದೆ ಇದ್ದ ಕೇಸ್‌ಗಳು ನನ್ನ ಹತ್ರ ಬರ್ತಾನೇ ಇರ್ತವೆ.

ಕೊಟೇಶನ್‌ಗೆ ಒಪ್ಕೊಳೋ ಮುಂಚೆ ಇನ್ನೊಂದು ಕೇಳಿ: ಎಪಿಎಂಸಿ ಹರಾಜಲ್ಲಿ ಕೊಬ್ಬರಿ ರೇಟ್ ಏರಿದ ದಿನ ಸೈಟಲ್ಲಿ ಎಣ್ಣೆ ರೇಟ್ ಬದಲಾಯಿಸೋರು ಯಾರು? ಮಾವನವರೇ ಫೋನಿಂದ ಬದಲಾಯಿಸೋ ಹಾಗೆ ಮಾಡಿ, ಅವರ ಎದುರಿಗೇ ಒಮ್ಮೆ ಬದಲಾಯಿಸಿ ತೋರಿಸಿದ್ರೆ ಕೆಲಸ ಕೊಡಿ, "ಪ್ರತಿಸಲ ನನಗೆ ಮೆಸೇಜ್ ಹಾಕಿ ಸರ್, ಇನ್ನೂರು ರೂಪಾಯಿ ಆಗುತ್ತೆ" ಅಂದ್ರೆ ಬೇರೆಯವರನ್ನ ಹುಡುಕಿ.