28 ತಿಂಗಳಿಗೇ ಬಿಟ್ಟರು ಎಂದು ಬರೆದ ಓದುಗರಿಗೆ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: 2023ರ ಮಾರ್ಚ್‌ನಲ್ಲಿ ಮಧ್ಯಾಹ್ನ ಊಟಕ್ಕೆ ಹೋದಾಗ ಅವರ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ 62 ಸಾವಿರ ರೂಪಾಯಿ ಕಳುವಾಯಿತು. ಒಂದೇ ವಾರದಲ್ಲಿ ಹುಡುಗನೊಬ್ಬ ಸಿಕ್ಕಿಬಿದ್ದ. 2025ರ ಜುಲೈನಲ್ಲಿ ಕೋರ್ಟು ಅವನನ್ನು ಬಿಟ್ಟಿತು. ‘ಏಳು ವರ್ಷದ ಶಿಕ್ಷೆಯನ್ನು ಹೊಸ ಕಾನೂನು 28 ತಿಂಗಳಿಗೆ ಇಳಿಸಿದೆ. ನಾವು ದುಡಿಯೋದು ಕಳ್ಳರಿಗಾ?’ ಎಂದು ಕೇಳಿದ್ದಾರೆ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೆಳಗ್ಗೆ ಬಾಗಿಲು ತೆಗೆದು ರಾತ್ರಿ ಮುಚ್ಚುವವರಿಗೆ 62 ಸಾವಿರ ಅಂದರೆ ಎಷ್ಟು ದಿನದ ದುಡಿಮೆ ಅಂತ ಗೊತ್ತು. ಆದರೆ ಆ ಹುಡುಗನ ಶಿಕ್ಷೆ ಕಡಿಮೆಯಾಗಿಲ್ಲ. ಅವನಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ನಿಮ್ಮ ಸಾಕ್ಷಿ ಇನ್ನೂ ತೆಗೆದುಕೊಂಡಿಲ್ಲ ಎಂದು ನೀವೇ ಬರೆದಿದ್ದೀರಿ, ಅಲ್ವಾ? ಅವನು ಒಳಗಿದ್ದದ್ದು ವಿಚಾರಣಾಧೀನ ಕೈದಿಯಾಗಿ, ಅಂದರೆ ತೀರ್ಪಿಗೆ ಕಾಯುತ್ತಾ.

ಕ್ರಿಮಿನಲ್ ಕೇಸುಗಳನ್ನು ಹೇಗೆ ನಡೆಸಬೇಕೆಂದು ಹೇಳುವ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಇಲ್ಲಿ ಕೆಲಸ ಮಾಡಿದೆ. ಹಿಂದೆ ಒಂದೇ ಒಂದು ಕೇಸಿನಲ್ಲೂ ಶಿಕ್ಷೆಯಾಗಿರದ ವ್ಯಕ್ತಿ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ತೀರ್ಪಿಲ್ಲದೆ ಜೈಲಿನಲ್ಲಿ ಕಳೆದರೆ ಬಿಡಬೇಕು. ಏಳು ವರ್ಷದ ಮೂರನೇ ಒಂದು ಭಾಗವೇ ನಿಮ್ಮ 28 ತಿಂಗಳು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ಅರ್ಧದ ನಿಯಮ 2006ರಿಂದಲೇ ಇತ್ತು. 2024ರ ಆಗಸ್ಟ್ 23ರಂದು ಸುಪ್ರೀಂ ಕೋರ್ಟ್ ಹಳೆಯ ಕೇಸುಗಳಿಗೂ ಈ ಸೆಕ್ಷನ್ ಸಲ್ಲುತ್ತದೆ ಎಂದಿತು. ಹಾಗಾಗಿ 2023ರಲ್ಲಿ ಸಿಕ್ಕಿಬಿದ್ದವನಿಗೂ ಅನುಕೂಲವಾಯಿತು.

ನಾಳೆ ಅವನ ತಪ್ಪು ಸಾಬೀತಾದರೆ ಕೋರ್ಟು ಶಿಕ್ಷೆ ಕೊಡುತ್ತದೆ. ಈಗಾಗಲೇ ಜೈಲಿನಲ್ಲಿದ್ದ ದಿನಗಳನ್ನು ಆ ಶಿಕ್ಷೆಯಿಂದ ಕಳೆಯುತ್ತಾರೆ. ಸಾಬೀತಾಗದಿದ್ದರೆ? ಆ 28 ತಿಂಗಳನ್ನು ಅವನಿಗೆ ವಾಪಸ್ ಕೊಡೋರು ಯಾರು? 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ 75ಕ್ಕಿಂತ ಜಾಸ್ತಿ ಜನ ತೀರ್ಪಿಗೆ ಕಾಯುತ್ತಿದ್ದವರು.

ಕೆಲವು ವರ್ಷಗಳ ಹಿಂದೆ ಒಂದು ಕೋರ್ಟಿನ ಜಗಲಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ರೇಷನ್ ಕಾರ್ಡು ಮತ್ತು ಮಡಿಚಿ ಮಡಿಚಿ ಹರಿದ ಜಾಮೀನು ಆದೇಶದ ಪ್ರತಿ. ಮಗನಿಗೆ ಜಾಮೀನು ಸಿಕ್ಕಿ ಎರಡು ತಿಂಗಳಾಗಿತ್ತು. ಮಗ ಮಾತ್ರ ಇನ್ನೂ ಒಳಗೇ. ಶ್ಯೂರಿಟಿ ನಿಲ್ಲುವವರು ಯಾರೂ ಸಿಕ್ಕಿರಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಮೆಲ್ಲಗೆ ಕೇಳಿದರು: ‘ನಿಮ್ಮ ಹೆಸರಲ್ಲಿ ಪಹಣಿ ಐತಾ?’ ನನ್ನ ಹೆಸರಲ್ಲಿ ಜಮೀನಿರಲಿಲ್ಲ. ಆ ಪ್ರಶ್ನೆ ಇವತ್ತಿಗೂ ಮರೆತಿಲ್ಲ. ಹೊಸ ಸೆಕ್ಷನ್ ಮೊದಲ ಸಲದವರನ್ನು ಶ್ಯೂರಿಟಿ ಇಲ್ಲದೆ, ಅವರೇ ಬರೆದುಕೊಡುವ ಮುಚ್ಚಳಿಕೆಯ ಮೇಲೆ ಬಿಡಬೇಕು ಎನ್ನುತ್ತದೆ. ಅದು ಎಷ್ಟು ದೊಡ್ಡ ಮಾತು ಅಂತ ಆ ತಾಯಿಗೆ ಗೊತ್ತಾಗುತ್ತಿತ್ತು.

ನನಗಿರುವ ಬೇಜಾರು ಬೇರೆಯೇ. ಇದೇ ಸೆಕ್ಷನ್ನಿನ ಎರಡನೇ ಉಪವಿಧಿ, ಒಂದಕ್ಕಿಂತ ಜಾಸ್ತಿ ಅಪರಾಧ ಅಥವಾ ಹಲವು ಕೇಸು ಬಾಕಿಯಿದ್ದರೆ ಬಿಡಬಾರದು ಎನ್ನುತ್ತದೆ. ಅದೇ ಹುಡುಗ ರಾತ್ರಿ ನಿಮ್ಮ ಶಟರ್ ಮುರಿದು ಬಂದಿದ್ದರೆ ಒಂದೇ ಎಫ್‌ಐಆರ್‌ನಲ್ಲಿ ಎರಡು ಸೆಕ್ಷನ್ ಬೀಳುತ್ತಿತ್ತು: ಕನ್ನ ಹಾಕಿದ್ದಕ್ಕೆ ಒಂದು, ಕದ್ದದ್ದಕ್ಕೆ ಒಂದು. ಅಕ್ಷರಶಃ ಓದಿದರೆ ಅವನಿಗೆ ಈ ಅನುಕೂಲ ಸಿಗೋದೇ ಇಲ್ಲ. ಪೊಲೀಸರು ಸಾಮಾನ್ಯವಾಗಿ ಒಂದೇ ಸೆಕ್ಷನ್ ಹಾಕಿ ಸುಮ್ನೆ ಇರುತ್ತಾರಾ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು. ಈ ಉಪವಿಧಿಯನ್ನು ತಿದ್ದಲೇಬೇಕು.

ಸಮುದಾಯ ಸೇವೆಯ (ಜೈಲಿನ ಬದಲು ಜನರಿಗೆ ಉಪಯೋಗವಾಗುವ ಕೆಲಸ ಮಾಡಿಸುವ ಶಿಕ್ಷೆಯ) ಬಗ್ಗೆಯೂ ಕೇಳಿದ್ದೀರಿ. ಅದು ನಿಮ್ಮ ಕೇಸಿಗೆ ಬರುವುದಿಲ್ಲ. ಮೊದಲ ಸಲದ ಕಳ್ಳತನ, ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಅದನ್ನೂ ಹಿಂದಿರುಗಿಸಿದ್ದರೆ ಮಾತ್ರ ಆ ಶಿಕ್ಷೆ.

ಈಗ ನಿಮ್ಮ ವಿಷಯ. ನಿಮಗೆ ನಿಜವಾಗಿ ಅನ್ಯಾಯ ಮಾಡಿದ್ದು ಬಿಡುಗಡೆಯಲ್ಲ, ಇಷ್ಟು ವರ್ಷವಾದರೂ ನಿಮ್ಮನ್ನು ಸಾಕ್ಷಿ ಕಟ್ಟೆಗೆ ಕರೆಯದೇ ಇರುವುದು. ಸರ್ಕಾರಿ ವಕೀಲರನ್ನು ಕಂಡು, ನಿಮ್ಮ ಸಾಕ್ಷಿಯನ್ನು ಬೇಗ ತೆಗೆದುಕೊಳ್ಳುವಂತೆ ಕೋರ್ಟನ್ನು ಕೇಳಿಕೊಳ್ಳಲು ಹೇಳಿ. ಹುಡುಗ ಹೊರಗಿದ್ದಾನೆ ಅಂತ ಬೇಸರದಲ್ಲಿ ವಾಯಿದೆ ತಪ್ಪಿಸಬೇಡಿ. ಪೊಲೀಸರು ವಶಪಡಿಸಿಕೊಂಡ 41 ಸಾವಿರ ಇನ್ನೂ ಕೋರ್ಟಿನಲ್ಲೇ ಇದೆ ಎಂದಿದ್ದೀರಿ. ಅದಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ. ಹಣ ಮಧ್ಯಂತರವಾಗಿ ನಿಮ್ಮ ವಶಕ್ಕೆ ಕೊಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಆ ದಿನದ ಲೆಕ್ಕದ ಪುಸ್ತಕ ಜೋಪಾನವಾಗಿದೆ ತಾನೇ? ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

— ಸಂಪಾದಕ