ಸೆಲ್ ಬದಲಿಸಿದರೂ ಲ್ಯಾಪ್‌ಟಾಪ್ ಗಡಿಯಾರ ಹಿಂದೆ ಬೀಳುತ್ತಿದೆಯೇ?

ಪ್ರಶ್ನೆ: ಹಳೆಯ ಪೆಂಟಿಯಂ ಎಂ ಪ್ರೊಸೆಸರಿನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೇನೆ. ಚಾರ್ಜರ್ ಕಿತ್ತ ಮೇಲೆ ಗಡಿಯಾರ ನಿಧಾನವಾಗುತ್ತದೆ. ಮದರ್‌ಬೋರ್ಡಿನ ಗಡಿಯಾರಕ್ಕೆ ಜೀವ ಕೊಡುವ ಸಿಮಾಸ್ ಸೆಲ್ ಎರಡು ಸಲ ಬದಲಿಸಿದ್ದಾಯಿತು. ಮದರ್‌ಬೋರ್ಡೇ ಹೋಗಿದೆ ಎನ್ನುತ್ತಾರೆ ರಿಪೇರಿಯವರು.

ಉತ್ತರ: ಮದರ್‌ಬೋರ್ಡಿಗೆ ಏನೂ ಆಗಿಲ್ಲ, ದುಡ್ಡು ಕೊಡಬೇಡಿ. ಗಡಿಯಾರದ ದೂರು ಬಂದರೆ ಸಾಕು, ಸೆಲ್ ಬದಲಿಸಿ ಎನ್ನುವವರಿಂದ ನನಗೆ ರೋಸಿಹೋಗಿದೆ. ಸೆಲ್‌ಗೆ ಕೆಲಸ ಇರುವುದು ಲ್ಯಾಪ್‌ಟಾಪ್ ಆಫ್ ಆಗಿದ್ದಾಗ. ಆನ್ ಇರುವಾಗಲೇ ಸಮಯ ತಪ್ಪಿದರೆ ಅದಕ್ಕೂ ಸೆಲ್‌ಗೂ ಸಂಬಂಧವಿಲ್ಲ.

ನಿಮ್ಮ ಸಿಸ್ಟಂ ಪ್ರೊಸೆಸರಿನೊಳಗಿನ ಟಿಎಸ್‌ಸಿ ಎಂಬ ಕೌಂಟರ್ ನಂಬಿಕೊಂಡು ಸಮಯ ಎಣಿಸುತ್ತಿರಬೇಕು. ಪೆಂಟಿಯಂ ಎಂ‌ನಲ್ಲಿ ಅದು ಪ್ರೊಸೆಸರಿನ ಪ್ರತಿ ಸೈಕಲ್‌ಗೆ ಒಂದೊಂದು ಏರುತ್ತದೆ. ಬೂಟ್ ಆಗುವಾಗ 1.6 ಗಿಗಾಹರ್ಟ್ಜ್ ಎಂದು ಅಳೆದುಕೊಂಡ ಕರ್ನಲ್ (ಲಿನಕ್ಸ್‌ನ ತಿರುಳು), ಆಮೇಲೆ ಚಾರ್ಜರ್ ಕಿತ್ತಾಗ ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸುವ ಸ್ಪೀಡ್‌ಸ್ಟೆಪ್ ಅದನ್ನು 600 ಮೆಗಾಹರ್ಟ್ಜ್‌ಗೆ ಇಳಿಸಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದು ಗಂಟೆ ಕಳೆದಾಗ ಗಡಿಯಾರ ಓಡಿರುವುದು 22.5 ನಿಮಿಷ ಮಾತ್ರ. ಬ್ಯಾಟರಿಯಲ್ಲಿ ಬೂಟ್ ಮಾಡಿ ಆಮೇಲೆ ಚಾರ್ಜರ್ ಸಿಕ್ಕಿಸಿ ನೋಡಿ, ಅದೇ ಗಡಿಯಾರ ನಾಗಾಲೋಟಕ್ಕೆ ಬೀಳುತ್ತದೆ. ಶಟ್‌ಡೌನ್ ಆಗುವಾಗ ಅನೇಕ ಸಿಸ್ಟಂಗಳು ಈ ತಪ್ಪು ಸಮಯವನ್ನೇ ಮದರ್‌ಬೋರ್ಡಿನ, ಆಫ್ ಇದ್ದಾಗ ಸೆಲ್‌ನಿಂದ ಓಡುವ ಹಾರ್ಡ್‌ವೇರ್ ಗಡಿಯಾರಕ್ಕೆ ಬರೆದುಬಿಡುತ್ತವೆ. ಮರುದಿನ ಆನ್ ಮಾಡಿದವರಿಗೆ ಸೆಲ್ ಸತ್ತಂತೆ ಕಾಣುವುದು ಅದಕ್ಕೇ.

ಊಹೆ ಬೇಡ, ಪರೀಕ್ಷಿಸಿ. ಮೊದಲು ಇಂಟರ್ನೆಟ್ ನೋಡಿ ಸಮಯ ತಿದ್ದುವ ಎನ್‌ಟಿಪಿ ನಿಲ್ಲಿಸಿ. ಅದು ಓಡುತ್ತಿದ್ದರೆ ಕರ್ನಲ್ ಆಗಾಗ ಹಾರ್ಡ್‌ವೇರ್ ಗಡಿಯಾರವನ್ನೂ ತಿದ್ದುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಸಿಸ್ಟಂ, ಹಾರ್ಡ್‌ವೇರ್ ಎರಡೂ ಗಡಿಯಾರ ಸರಿಹೊಂದಿಸಿ, ಚಾರ್ಜರ್ ಕಿತ್ತು, ಅರ್ಧ ಗಂಟೆ ಬಿಟ್ಟು ಹೋಲಿಸಿ. ಹಾರ್ಡ್‌ವೇರ್ ಗಡಿಯಾರ ಓಡುವುದು ತನ್ನದೇ 32.768 ಕಿಲೋಹರ್ಟ್ಜ್ ಹರಳಿನ ಮೇಲೆ. ಪ್ರೊಸೆಸರ್ ವೇಗ ಅದನ್ನು ಮುಟ್ಟುವುದಿಲ್ಲ. ಅದು ಸರಿಯಿದ್ದು ಸಿಸ್ಟಂ ಸಮಯ ಮಾತ್ರ ಹಿಂದೆ ಬಿದ್ದಿದ್ದರೆ ಕಳ್ಳ ಸಿಕ್ಕಿದಂತೆ. ಕರೆಂಟ್ ಕ್ಲಾಕ್‌ಸೋರ್ಸ್, ಅಂದರೆ ಕರ್ನಲ್ ಈಗ ಸಮಯ ಎಣಿಸಲು ಬಳಸುತ್ತಿರುವ ಕೌಂಟರ್, ಟಿಎಸ್‌ಸಿ ಎಂದಿದ್ದರೆ ಎಸಿಪಿಐ ಪಿಎಂ ಟೈಮರ್ ಎಂಬ ಬೇರೆ ಕೌಂಟರ್‌ಗೆ ಬದಲಿಸಿ. ಅದು ಪ್ರೊಸೆಸರ್ ಹೇಗೇ ಓಡಲಿ, 3.579545 ಮೆಗಾಹರ್ಟ್ಜ್ ಬಿಟ್ಟು ಕದಲುವುದಿಲ್ಲ. ಓದಲು ಸ್ವಲ್ಪ ನಿಧಾನ, ಆದರೆ ನನಗೆ ವೇಗಕ್ಕಿಂತ ಸರಿಯಾದ ಸಮಯ ಮುಖ್ಯ. ಒಂದು ದಿನ ನೋಡಿ, ಆಮೇಲೆ ಬೂಟ್ ಸಾಲಿನಲ್ಲಿ (ಆನ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳಲ್ಲಿ) ಖಾಯಂ ಮಾಡಿ.

ಪ್ರಶ್ನೆ: ಎನ್‌ಟಿಪಿ ಒಂದಿದ್ದರೆ ಸಾಲದೇ?

ಉತ್ತರ: ಸಾಲದು. ಎನ್‌ಟಿಪಿ ನಡೆಸುವ ಎನ್‌ಟಿಪಿಡಿ ಪ್ರೋಗ್ರಾಂ ಗಡಿಯಾರದ ವೇಗವನ್ನು ತಿದ್ದಬಲ್ಲದ್ದು ದಿನಕ್ಕೆ ಸುಮಾರು 43 ಸೆಕೆಂಡಿನಷ್ಟು. ಇಲ್ಲಿ ಹೋಗುತ್ತಿರುವುದು ಗಂಟೆಗೆ ಹತ್ತಾರು ನಿಮಿಷ.

ಪ್ರಶ್ನೆ: ಸ್ಪೀಡ್‌ಸ್ಟೆಪ್ ಆಫ್ ಮಾಡಿಬಿಡಲೇ?

ಉತ್ತರ: ಪರೀಕ್ಷೆಗೆ ಸರಿ, ಮದ್ದಾಗಿ ಬೇಡ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ.

ಪ್ರಶ್ನೆ: ಗಡಿಯಾರ ರಿಪೇರಿ ಮಾಡುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಹಾಕಿದ್ದರೆ ಈಗಲೇ ತೆಗೆದುಹಾಕಿ.